ಒಂದು ಬೆರಳಿನ ಕಾರ್ಡ್

ಮ್ಯಾಂಡೊಲಿನ್ ಕೈಗೆತ್ತಿಕೊಂಡು ನಾಲ್ಕು ತಿಂಗಳಾಗಿತ್ತು. ಜಿ, ಡಿ, ಸಿ, ಎ ಮೈನರ್ ಎಲ್ಲ ಒಂದೊಂದಾಗಿ ಬೆರಳಿಗೆ ಕೂತವು. ಜಿ ಮೈನರ್ ಸಿಕ್ಸ್ತ್ ಅನ್ನೋ ಒಂದು ಕಾರ್ಡ್ ಮಾತ್ರ ಏನು ಮಾಡಿದರೂ ಒಲಿಯಲಿಲ್ಲ. ತಮಾಷೆ ಅಂದ್ರೆ, ಅದಕ್ಕೆ ಬೇಕಾಗಿರೋದು ಒಂದೇ ಒಂದು ಬೆರಳು.

ಊರಿಗೆ ಹೋದಾಗ ಈ ಕಷ್ಟವನ್ನ ಸೋದರತ್ತೆ ಹತ್ತಿರ ತೋಡಿಕೊಂಡೆ.

"ಯಾವ ಕಾರ್ಡೇ ಅದು? ರೇಷನ್ ಕಾರ್ಡಾ?" ಅಂದರು.

ನಮ್ಮ ಊರು ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರ. ಬೆಂಗಳೂರಿನಿಂದ ಮೈಸೂರು, ಅಲ್ಲಿಂದ ಹಾಸನದ ಕಡೆ ಹೋಗುವ ರೈಲಿನಲ್ಲಿ ಕೆ.ಆರ್. ನಗರ, ಆಮೇಲೆ ಬಸ್ಸು. ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ ಭಾನುವಾರ ವಾಪಸ್. ಅಪ್ಪ ಅಮ್ಮ ಇರೋದು ಮೈಸೂರಿನಲ್ಲಿ. ಹಳೇ ಮನೆಯಲ್ಲಿ ಈಗ ಅತ್ತೆ ಒಬ್ಬರೇ.

ಅತ್ತೆ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಶನಿವಾರದ ಭಜನೆಯಲ್ಲಿ ಮೊದಲ ಹಾಡು ಅವರದೇ. ಶ್ರುತಿ ಯಾವಾಗಲೂ 'ಬಿಳಿ ಐದು'. ಹಾರ್ಮೋನಿಯಂನಲ್ಲಿ ಸಿ ಇಂದ ಎಣಿಸಿದರೆ ಐದನೇ ಬಿಳಿ ಮನೆ, ಅಂದರೆ ಜಿ. ಹೋದ ವರ್ಷ ಥೈರಾಯ್ಡ್ ಆಪರೇಷನ್ ಆಯಿತು. ಆ ಗ್ರಂಥಿಯ ಪಕ್ಕದಲ್ಲೇ ಧ್ವನಿಪೆಟ್ಟಿಗೆಗೆ ಹೋಗುವ ನರಗಳಿವೆ. ಆಪರೇಷನ್ ಆದ ಕೆಲವರಿಗೆ ಮಾತು ಸರಿಯಾಗಿದ್ದರೂ ಮೇಲಿನ ಸ್ವರ ಏರೋದಿಲ್ಲ. ಅತ್ತೆಗೂ ಹಾಗೇ ಆಯಿತು. ಮಾತಾಡೋಕೆ, ಬೈಯೋಕೆ ಏನೂ ತೊಂದರೆ ಇಲ್ಲ. ಮೇಲಿನ ಷಡ್ಜಕ್ಕೆ ಹೋದರೆ ಮಾತ್ರ ಧ್ವನಿ ಒಡೆಯುತ್ತಿತ್ತು. ಎರಡು ಶನಿವಾರ ಪ್ರಯತ್ನಪಟ್ಟು, ಮೂರನೇ ಶನಿವಾರದಿಂದ ಭಜನೆಗೆ ಹೋಗೋದನ್ನೇ ಬಿಟ್ಟರು. ಕೇಳಿದರೆ, "ಹುಡುಗ್ರು ಹಾಡ್ಕೊಳ್ಳಲಿ ಬಿಡೇ."

ನಾನು ಮ್ಯಾಂಡೊಲಿನ್ ಹಿಡಿದಿದ್ದಕ್ಕೆ ಅರ್ಧ ಕಾರಣ ಆಫೀಸಿನ ಬೇಜಾರು. ಇನ್ನರ್ಧ ಇದು. ಪಕ್ಕದಲ್ಲಿ ಒಂದು ವಾದ್ಯ ಒತ್ತಾಸೆಗೆ ಇದ್ದರೆ ಮತ್ತೆ ಹಾಡಬಹುದೇನೋ ಅಂತ ಒಂದು ಆಸೆ. ಅವರ ಅಚ್ಚುಮೆಚ್ಚಿನ ದೇವರನಾಮ ಶಿವರಂಜನಿಗೆ ಕೂರಿಸಿದ್ದು. ಶಿವರಂಜನಿಗೆ ಯಾವ ಕಾರ್ಡ್ ಹೊಂದುತ್ತೆ ಅಂತ ಹುಡುಕಿದಾಗ ಸಿಕ್ಕಿದ್ದೇ ಈ ಮೈನರ್ ಸಿಕ್ಸ್ತ್.

ಕಾರ್ಡ್ ಅಂದರೆ ಮೂರು-ನಾಲ್ಕು ಸ್ವರಗಳನ್ನ ಒಟ್ಟಿಗೇ ನುಡಿಸೋದು. ಮೈನರ್ ಅಂದರೆ ಸ, ಸಾಧಾರಣ ಗಾಂಧಾರ, ಪ. ಸಿಕ್ಸ್ತ್ ಅಂದರೆ ಅದರ ಜೊತೆಗೆ ಆರನೇ ಸ್ವರ, ಧೈವತ. ನಾನು ಮೊದಲು ಎಡವಿದ್ದು ಇಲ್ಲೇ. ಹೆಸರಿನಲ್ಲೇ 'ಮೈನರ್' ಇದೆಯಲ್ಲ, ಧೈವತವೂ ಮೈನರ್ ಆಗಿರಬೇಕು ಅಂದುಕೊಂಡೆ. ಅಂದರೆ ಶುದ್ಧ ಧೈವತ, ಇ ಫ್ಲ್ಯಾಟ್. ಅದನ್ನ ತರೋಕೆ ಡಿ ತಂತಿಯ 1ನೇ ಫ್ರೆಟ್ ಒತ್ತಿ, ಎ ತಂತಿಯ 1, ಇ ತಂತಿಯ 3 ಹಿಡಿದು ಮೀಟಿದರೆ ಮದುವೆ ಮನೆ ಬ್ಯಾಂಡ್ ಥರ ಖುಷಿಖುಷಿಯಾದ ಶಬ್ದ! ಒಂದು ವಾರ ಅದನ್ನೇ ಅಭ್ಯಾಸ ಮಾಡಿದ್ದೀನಿ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅದು ಇ ಫ್ಲ್ಯಾಟ್ ಮೇಜರ್. ಪಂಚಮ ಇದ್ದ ಜಾಗಕ್ಕೆ ಶುದ್ಧ ಧೈವತ ಬಂದು ಕೂತಿದ್ದರಿಂದ ಕಾರ್ಡೇ ಬೇರೆಯಾಗಿತ್ತು.

ಮೈನರ್ ಸಿಕ್ಸ್ತ್‌ನಲ್ಲಿ ಮೈನರ್ ಆಗಿರೋದು ಗಾಂಧಾರ ಮಾತ್ರ. ಸಿಕ್ಸ್ತ್ ಮೇಜರ್ರೇ, ನಮ್ಮ ಚತುಶ್ರುತಿ ಧೈವತ. ಈ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಸಿಕ್ಕಿದರೆ ಅವರಿಗೂ ಒಂದು ವಾರ ಇ ಫ್ಲ್ಯಾಟ್ ಕೇಳಿಸಬೇಕು.

ಸರಿಯಾದ ಬೆರಳು ಹೀಗೆ: ಜಿ ತಂತಿ ಖಾಲಿ, ಡಿ ಖಾಲಿ, ಎ ತಂತಿಯ 1ನೇ ಫ್ರೆಟ್‌ನಲ್ಲಿ ತೋರುಬೆರಳು, ಇ ಖಾಲಿ. ಅಷ್ಟೇ. ಜಿ ಮೈನರ್ ಬರುವವರಿಗೆ ಇನ್ನೂ ಸುಲಭ. ಅದರಲ್ಲಿ ಇ ತಂತಿಯ 3ನೇ ಫ್ರೆಟ್ ಮೇಲೂ ಒಂದು ಬೆರಳಿರುತ್ತೆ, ಆ ಬೆರಳು ಎತ್ತಿದರೆ ಸಿಕ್ಸ್ತ್. ಹೊಸ ಕಾರ್ಡ್ ಅಂದರೆ ಇನ್ನೊಂದು ಬೆರಳು ಇಡೋದು ಅಂತ ತಿಳಿದಿದ್ದವಳಿಗೆ, ತೆಗೆಯೋದೂ ಒಂದು ಕಾರ್ಡ್ ಅಂತ ಗೊತ್ತಾಗೋಕೆ ಇಷ್ಟು ದಿನ ಬೇಕಾಯಿತು.

ಆದರೂ ಸರಿಯಾಗಿ ಬರಲಿಲ್ಲ. ಮ್ಯಾಂಡೊಲಿನ್‌ನಲ್ಲಿ ಇರೋದು ನಾಲ್ಕು ಜೋಡಿ, ಒಟ್ಟು ಎಂಟು ಸ್ಟೀಲ್ ತಂತಿ. ಪಿಟೀಲಿನ ಶ್ರುತಿಯೇ: ಜಿ, ಡಿ, ಎ, ಇ. ಕತ್ತು ಸಣ್ಣದು, ತಂತಿಗಳ ನಡುವೆ ಜಾಗ ಕಮ್ಮಿ. ಎ ತಂತಿ ಒತ್ತಿದ ಬೆರಳಿನ ಅಂಚು ಪಕ್ಕದ ಇ ತಂತಿಗೆ ಚೂರೇ ಚೂರು ತಾಗಿದರೂ ಅದು ಸತ್ತುಹೋಗುತ್ತೆ. ಸತ್ತಿದ್ದು ಯಾವುದು? ಇಡೀ ಕಾರ್ಡ್‌ಗೆ ಹೆಸರು ಕೊಟ್ಟ ಧೈವತವೇ. ಕೇಳೋದು ಬರೀ ಜಿ ಮೈನರ್. ಬೆರಳನ್ನ ಕಮಾನಿನ ಹಾಗೆ ಬಾಗಿಸಿ, ಉಗುರಿನ ಹತ್ತಿರದ ತುದಿಯಿಂದ ಒತ್ತಬೇಕು. ಉಗುರು ಬಿಟ್ಟಿದ್ದರೆ ಆಗೋದೇ ಇಲ್ಲ. ನೇಲ್ ಪಾಲಿಶ್‌ಗೂ ನನಗೂ ಆವತ್ತಿಗೆ ಮುಗೀತು, ಎಡಗೈ ಮಟ್ಟಿಗೆ.

ಎರಡನೇ ರಗಳೆ ನನ್ನದಲ್ಲ, ವಾದ್ಯದ್ದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಖಾಲಿ ತಂತಿಗಳು ಟ್ಯೂನರ್ ಆ್ಯಪ್‌ನಲ್ಲಿ ಹಸಿರು ತೋರಿಸುತ್ತವೆ, 1ನೇ ಫ್ರೆಟ್ ಒತ್ತಿದ ಕೂಡಲೇ ಕೆಂಪು. ಅದೂ ಜೋಡಿಯ ಎರಡು ತಂತಿಗಳೇ ಒಂದಕ್ಕೊಂದು ಹೊಂದದೆ ಗುಂಯ್‌ಗುಂಯ್ ಅಂತ ಅಲೆಯುತ್ತಿದ್ದವು. ಕೈಯೇ ಸರಿ ಇಲ್ಲ ಅಂತ ಎಷ್ಟು ಬೇಜಾರು ಮಾಡಿಕೊಂಡಿದ್ದೆ ಗೊತ್ತಾ? ಕೊನೆಗೆ ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವ ಒಬ್ಬ ಹಿರಿಯರಿಗೆ ತೋರಿಸಿದೆ. ಮ್ಯಾಂಡೊಲಿನ್ ಅವರ ಕಸುಬಲ್ಲ. ಆದರೂ ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್ ನೋಡಿ, ಅದರ ಗೀರುಗಳು ಆಳ ಸಾಲದು, ತಂತಿ ಎತ್ತರದಲ್ಲಿ ನಿಂತಿದೆ ಅಂದರು. ಎತ್ತರ ಇದ್ದರೆ ಒತ್ತುವಾಗ ತಂತಿ ಹೆಚ್ಚು ಎಳೆದುಕೊಳ್ಳುತ್ತೆ, ಸ್ವರ ಏರುತ್ತೆ. ಅದರ ಕಾಟ ಅತಿ ಹೆಚ್ಚು 1ನೇ ಫ್ರೆಟ್‌ಗೇ. ವೀಣೆಯಲ್ಲಾದರೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಸ್ವರ ತಪ್ಪಿದರೆ ಸರಿಸಿ ಕೂರಿಸಬಹುದು. ಇದರಲ್ಲಿ ಫ್ರೆಟ್ ಅಲ್ಲಾಡೋದಿಲ್ಲ. ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿದರು, ಮುಗೀತು.

ರಿಪೇರಿಯಾದ ಮ್ಯಾಂಡೊಲಿನ್ ಹಿಡ್ಕೊಂಡು ಸೀದಾ ಊರಿಗೆ ಹೋದೆ.

ಅತ್ತೆಗೆ ಮ್ಯಾಂಡೊಲಿನ್ ಅಂದರೆ ಯು. ಶ್ರೀನಿವಾಸ್, ಅಷ್ಟೇ. "ಆ ಹುಡುಗ ನುಡಿಸ್ತಾ ಇದ್ದ ನೋಡು" ಅಂತಲೇ ಶುರು. 1969ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಶ್ರೀನಿವಾಸ್ ಅವರಿಗೆ ಈಗಲೂ ಹುಡುಗನೇ. ಶ್ರೀನಿವಾಸ್ ಜೋಡಿ ತಂತಿ ಬಿಟ್ಟು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದಿದ್ದು ಗಮಕಕ್ಕಾಗಿ. ಜೋಡಿ ತಂತಿಯನ್ನ ಎಳೆದು ಬಗ್ಗಿಸೋದು ಕಷ್ಟ, ನಾದವೂ ಬೇಗ ಆರುತ್ತೆ. ಸಿನಿಮಾ ಕಡೆ ಬಂದರೆ ಸಜ್ಜಾದ್ ಹುಸೇನ್, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಲಕ್ಷ್ಮೀಕಾಂತ್, ಇವರೆಲ್ಲ ಮ್ಯಾಂಡೊಲಿನ್ ನುಡಿಸುತ್ತಿದ್ದವರೇ. ನಾನು ಈ ಯಾರ ದಾರಿಯಲ್ಲೂ ಇಲ್ಲ. ನನಗೆ ಬೇಕಿದ್ದಿದ್ದು ಒಂದು ಕಾರ್ಡ್.

ಅತ್ತೆ ಶ್ರುತಿಪೆಟ್ಟಿಗೆ ಹಾಕಿದರು, ಅಭ್ಯಾಸಬಲದಿಂದ ಐದಕ್ಕೇ. ನಾನು ಏನೂ ಒತ್ತದೆ ಖಾಲಿ ತಂತಿಗಳನ್ನ ಕೆಳಗಿಂದ ಮೇಲಕ್ಕೆ ಒಂದೊಂದಾಗಿ ಮೀಟಿದೆ. ಅವರು ಸೊಪ್ಪು ಬಿಡಿಸುತ್ತಾ ಮೆಲ್ಲಗೆ ಹೇಳಿಕೊಂಡರು: "ಸ… ಪ… ರಿ… ದ." ಆಮೇಲೆ ತಲೆ ಎತ್ತಿ, "ಗಾಂಧಾರ ಎಲ್ಲೇ?"

ಎ ತಂತಿಯ 1ನೇ ಫ್ರೆಟ್ ಒತ್ತಿದೆ.

"ಅಯ್ಯೋ, ಶಿವರಂಜನಿ ಪೂರ್ತಿ ಇಲ್ಲೇ ಕೂತಿದೆಯಲ್ಲೇ!"

ಹೌದಲ್ಲ. ಸ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ, ಚತುಶ್ರುತಿ ಧೈವತ. ಶಿವರಂಜನಿಯ ಐದು ಸ್ವರ. ಅತ್ತೆಯ ಶ್ರುತಿಗೆ ಸೇರಿಸಿದರೆ ಮ್ಯಾಂಡೊಲಿನ್‌ನ ನಾಲ್ಕು ಖಾಲಿ ತಂತಿಗಳಲ್ಲೇ ನಾಲ್ಕು ಸ್ವರ, ಒಂದು ಬೆರಳಿಟ್ಟರೆ ಐದನೆಯದು. ಆ ಬೆರಳು ಇಟ್ಟು ಎಲ್ಲ ಒಟ್ಟಿಗೆ ಮೀಟಿದರೆ ನನ್ನ ಮೈನರ್ ಸಿಕ್ಸ್ತ್. ರಾಗದಲ್ಲಿ ರಿಷಭವೊಂದು ಬಿಟ್ಟರೆ ಉಳಿದದ್ದೆಲ್ಲ ಅದರಲ್ಲಿದೆ. ಬೆರಳನ್ನ ಒಂದು ಫ್ರೆಟ್ ಮುಂದಕ್ಕೆ, 2ಕ್ಕೆ ಸರಿಸಿದೆ. ಅತ್ತೆ ಥಟ್ ಅಂತ "ಮೋಹನ" ಅಂದರು. ಹಿಂದಕ್ಕೆ ತಂದೆ, ಶಿವರಂಜನಿ. ಮುಂದೆ, ಮೋಹನ. ಪಶ್ಚಿಮದವರ ಲೆಕ್ಕದಲ್ಲಿ ಜಿ ಸಿಕ್ಸ್ತ್, ಜಿ ಮೈನರ್ ಸಿಕ್ಸ್ತ್. ಜಂಟಿ ವರಸೆಗೇ ಪಾಠ ಬಿಟ್ಟ ನನಗೆ, ನಾಲ್ಕು ತಿಂಗಳು ವಿಡಿಯೊ ನೋಡಿದರೂ ಗೊತ್ತಾಗದ್ದು ಸೊಪ್ಪು ಬಿಡಿಸುವ ಹೊತ್ತಲ್ಲಿ ಗೊತ್ತಾಯಿತು.

ಆದರೆ ಹಾಡು ಶುರು ಮಾಡಿ ಎರಡನೇ ಸಾಲಿಗೇ ಅತ್ತೆ ಕೈ ಅಡ್ಡ ಹಿಡಿದರು. "ನಾನು ಗಾಂಧಾರದ ಮೇಲೆ ನಿಂತಾಗ ನೀನೂ ಅದನ್ನೇ ಟಣ್ ಅಂತ ಹೊಡೀಬೇಡ್ವೇ. ನಂದು ಅಲ್ಲಾಡ್ತಿರತ್ತೆ, ನಿಂದು ಗೂಟ ಹೊಡೆದ ಹಾಗೆ ನಿಂತಿರತ್ತೆ."

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಫ್ರೆಟ್ ಕೊಡೋದು ಒಂದೇ ಸ್ವರಸ್ಥಾನ. ಹಾಡುವವರ ಗಾಂಧಾರ ಒಂದು ಜಾಗದಲ್ಲಿ ಕೂರೋದಿಲ್ಲ. ಆವತ್ತಿನಿಂದ ಒಂದು ಉಪಾಯ ಮಾಡಿಕೊಂಡೆ. ಅವರು ಗಾಂಧಾರದ ಮೇಲಿರುವಾಗ ಎ ತಂತಿಯನ್ನ ಒತ್ತದೆ ಬರೀ ಮುಟ್ಟಿಕೊಂಡಿರೋದು. ಆಗ ಅದು ನುಡಿಯೋದಿಲ್ಲ, ಸ-ಪ-ದ ಮಾತ್ರ ಕೇಳುತ್ತೆ. ಸಾಲು ಮುಗಿದು ಅವರು ಉಸಿರು ತಗೊಳ್ಳೋವಾಗ ಪೂರ್ತಿ ಕಾರ್ಡ್, ಒಂದೇ ಸಲ. ಕಾರ್ಡ್ ಕಲಿಯೋದಕ್ಕಿಂತ ಅದನ್ನ ಯಾವಾಗ ನುಡಿಸಬಾರದು ಅಂತ ಕಲಿಯೋಕೆ ಹೆಚ್ಚು ದಿನ ಹಿಡೀತು.

ಒಂದು ಸಲ ಇನ್ನೊಂದು ವಿಚಿತ್ರ ಆಯಿತು. ಅದೇ ಬೆರಳು, ಅದೇ ತಂತಿ, ಕೇಳೋದು ಮಾತ್ರ ಬೇರೇನೋ. ಎಲ್ಲೋ ಹೊರಟು ನಿಂತ ಹಾಗೆ, ಮುಂದೆ ಏನೋ ಬರಬೇಕು ಅನ್ನೋ ಹಾಗೆ. ನೋಡಿದರೆ ಶ್ರುತಿಪೆಟ್ಟಿಗೆಯಲ್ಲಿ ಪಂಚಮದ ಬದಲು ಮಧ್ಯಮ ಇತ್ತು. ಜಿಗೆ ಮಧ್ಯಮ ಅಂದರೆ ಸಿ. ಅಡಿಯಲ್ಲಿ ಸಿ ಕೂತರೆ ಇದೇ ನಾಲ್ಕು ಸ್ವರ ಸಿ ನೈನ್ತ್ ಅನ್ನಿಸಿಕೊಳ್ಳುತ್ತೆ. ಇ ಕೂತರೆ ಇ ಹಾಫ್ ಡಿಮಿನಿಶ್ಡ್. ಕಾರ್ಡ್‌ನ ಹೆಸರು ನನ್ನ ಕೈಯಲ್ಲಿಲ್ಲ, ಕೆಳಗೆ ಯಾರು ಕೂತಿದ್ದಾರೆ ಅನ್ನೋದರಲ್ಲಿದೆ. ಈ ಗುಣದಿಂದಲೇ ಇದು ಸಿನಿಮಾ ಹಾಡುಗಳಿಗೂ ಬಲು ಉಪಯೋಗ. ಡಿ ಮೈನರ್ ಹಾಡಿನಲ್ಲಿ ಡಿ ಮೈನರ್, ಜಿ ಮೈನರ್ ಸಿಕ್ಸ್ತ್, ಎ ಸೆವೆಂತ್, ಮತ್ತೆ ಡಿ ಮೈನರ್ ನುಡಿಸಿ ನೋಡಿ. ತಂತಿಗಳ ಕ್ರಮದಲ್ಲಿ ಫ್ರೆಟ್‌ಗಳು 2-0-0-1, 0-0-1-0, 2-2-4-3. ಎಲ್ಲೋ ಕೇಳಿದ್ದೀನಲ್ಲ ಅನ್ನಿಸದಿದ್ದರೆ ಕೇಳಿ.

ಅಗ್ರಹಾರದಲ್ಲಿ ಕಾರ್ಡಾ ಅಂತ ನಗೋರಿಗೆ ಒಂದು ಮಾತು. ಮೈಸೂರಿಗೆ ಇದು ಹೊಸದಲ್ಲ. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೇ ಇಂಗ್ಲಿಷ್ ಬ್ಯಾಂಡ್ ಇತ್ತು. ಕೃತಿಗಳನ್ನ ರಚಿಸಿದ ಜಯಚಾಮರಾಜ ಒಡೆಯರೇ 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಂಸ್ಥೆಗೆ ಬೆನ್ನೆಲುಬಾಗಿ ನಿಂತವರು, ರಷ್ಯದ ಸಂಗೀತಗಾರ ಮೆಡ್ಟ್‌ನರ್ ಕೃತಿಗಳ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು.

ಇಷ್ಟೆಲ್ಲ ಆದರೂ ಅಸಲು ವಿಷಯ ಹಾಗೇ ಉಳಿದಿತ್ತು. ಕಾರ್ಡ್ ಬಂತು, ಅತ್ತೆಯ ಮೇಲಿನ ಷಡ್ಜ ಬರಲಿಲ್ಲ. ಪ್ರತಿ ಸಲ ಚರಣದ ಹತ್ತಿರ ಬಂದು ಕೆಮ್ಮಿನ ನೆಪ ಮಾಡಿ ನಿಲ್ಲಿಸುತ್ತಿದ್ದರು.

"ನಾಲ್ಕಕ್ಕೆ ಇಳಿಸಿಕೊಳ್ಳೋಣ್ವಾ ಅತ್ತೆ?" ಅಂದೆ ಒಂದು ದಿನ.

"ನಾನು ಐದರಲ್ಲಿ ಹಾಡಿದ್ದನ್ನ ಊರೆಲ್ಲ ಕೇಳಿದೆ" ಅಂದರು. ಎದ್ದು ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಕೂತಾಗಲೂ ಮಾತಿಲ್ಲ. ನಾನು ಕೇಳಬಾರದ್ದು ಕೇಳಿದೆನೇನೋ ಅಂತ ಬೆಂಗಳೂರು ತಲುಪುವವರೆಗೂ ಒದ್ದಾಡಿದೆ.

ಆ ತಿಂಗಳು ನಾನು ತುಂಬಾ ಕೇಳಿದ್ದು ಜ್ಯಾಂಗೋ ರೈನ್‌ಹಾರ್ಟ್. ಮೈನರ್ ಸಿಕ್ಸ್ತ್ ಬಗ್ಗೆ ಹುಡುಕಿದರೆ ಆ ಹೆಸರು ಬಂದೇ ಬರುತ್ತೆ. 1928ರಲ್ಲಿ ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಸೆಟೆದುಹೋದ ಗಿಟಾರ್ ವಾದಕ. 1937ರಲ್ಲಿ ಪಿಟೀಲಿನ ಸ್ಟೆಫಾನ್ ಗ್ರಾಪೆಲಿ ಜೊತೆ ಧ್ವನಿಮುದ್ರಿಸಿದ 'ಮೈನರ್ ಸ್ವಿಂಗ್'ನಲ್ಲಿ ಈ ಕಾರ್ಡ್‌ನದೇ ಕಾರುಬಾರು. ಸ್ವರಮಾಲೆಗಳನ್ನ ಓಡಿಸೋದು ಉಳಿದ ಎರಡು ಬೆರಳಲ್ಲಿ. ಕೇಳಿದರೆ ನಂಬೋಕಾಗಲ್ಲ, ಆ ಓಟ ಹಾಗಿದೆ.

ಬಿಳಿ ನಾಲ್ಕು ಅಂದರೆ ಎಫ್. ಎಫ್ ಮೈನರ್ ಸಿಕ್ಸ್ತ್ ಹಿಡಿಯೋಕೆ 1-0-3-1 ಅನ್ನೋ ಒಂದು ದಾರಿ ಇದೆ, ಮೂರು ಬೆರಳು ಬೇಕು. ಅದರಲ್ಲಿ ಕೆಳಗಿನ ತಂತಿಗೆ ಷಡ್ಜದ ಬದಲು ಗಾಂಧಾರ ಬಂದು ಕೂರುತ್ತೆ. ಅತ್ತೆಗೆ ಬೇಡವಾದದ್ದೇ ಅದು. ಕೇಪೋ ಹಾಕೋಣ ಅಂದರೆ ಅದು ಶ್ರುತಿ ಏರಿಸುತ್ತೆ, ಇಳಿಸೋದಿಲ್ಲ. ಉಳಿದಿದ್ದು ಒಂದೇ ದಾರಿ. ಎಂಟೂ ಬಿರಡೆ ತಿರುಗಿಸಿ ಇಡೀ ವಾದ್ಯವನ್ನೇ ಎರಡು ಮನೆ ಇಳಿಸಿದೆ. ಎಫ್, ಸಿ, ಜಿ, ಡಿ. ಮತ್ತೆ ಅದೇ ಸ-ಪ-ರಿ-ದ, ಅದೇ ಒಂದು ಬೆರಳು. ತಂತಿ ಸಡಿಲವಾಗಿ ಫ್ರೆಟ್‌ಗೆ ತಾಗಿ ಜರ್ ಅನ್ನುತ್ತಿತ್ತು, ಒಂದು ನಂಬರ್ ದಪ್ಪ ತಂತಿ ಹಾಕಿದ ಮೇಲೆ ಸರಿಹೋಯಿತು. ನಾದ ಚೂರು ಮಂದ. ಆ ಹಾಡಿಗೆ ಅದೇ ಚೆನ್ನ ಅಂತ ನನ್ನ ಅನಿಸಿಕೆ.

ಮುಂದಿನ ಸಲ ಹೋದಾಗ ಶ್ರುತಿಪೆಟ್ಟಿಗೆಯನ್ನ ಅಲಮಾರಿನಿಂದ ತೆಗೆಯಲೇ ಇಲ್ಲ. ಜಗಲಿ ಮೇಲೆ ಕೂತು ಸುಮ್ಮನೆ ಕಾರ್ಡ್ ನುಡಿಸುತ್ತಾ ಇದ್ದೆ. ಅತ್ತೆ ಬಾಗಿಲ ಹತ್ತಿರ ಬಂದು ನಿಂತರು. ಪಲ್ಲವಿ ಗುನುಗಿದರು. ಒಳಗೆ ಹೋಗಿ ಒಲೆ ಆರಿಸಿ ಬಂದು ಕೂತು ಬಾಯಿಬಿಟ್ಟು ಹಾಡಿದರು. ಚರಣ ಬಂತು. ಮೇಲಿನ ಷಡ್ಜ ಬಂತು. ಮೊದಲಿನ ಹಾಗಲ್ಲ, ಸಣ್ಣಗೆ, ಅಂಚಿನಲ್ಲಿ ಚೂರು ಉಸಿರು ಸೇರಿಕೊಂಡು. ಆದರೆ ಒಡೆಯಲಿಲ್ಲ. ನಾನು ಎ ತಂತಿ ಮುಟ್ಟಿಕೊಂಡೇ ಇದ್ದೆ, ಒತ್ತೋದು ಮರೆತೇ ಹೋಯಿತು.

ಹಾಡು ಮುಗಿದ ಮೇಲೆ ಅತ್ತೆ ನನ್ನ ಮುಖ ನೋಡಲಿಲ್ಲ, ಬಿರಡೆಗಳನ್ನ ನೋಡಿದರು.

"ನಾಲ್ಕಾ?"

"ಹ್ಞೂಂ ಅತ್ತೆ."

"ಗೊತ್ತಾಯ್ತು, ಮೊದಲನೇ ಸಲ ಮೀಟಿದಾಗಲೇ." ಸೆರಗು ಸರಿಮಾಡಿಕೊಂಡು ಎದ್ದರು. "ಶನಿವಾರ ಏಳಕ್ಕೆಲ್ಲ ಹೋಗಿ ಕೂತ್ಕೋಬೇಕು, ಲೇಟಾದ್ರೆ ಹಿಂದೆ ಜಾಗ ಸಿಗೋದು."

ಆ ಶನಿವಾರ ಹೋದೆವು. ಹಾರ್ಮೋನಿಯಂ ಮಾವ ಅತ್ತೆಯನ್ನ ನೋಡಿದ ಕೂಡಲೇ ಏನೂ ಕೇಳದೆ, ಎಂದಿನ ಹಾಗೆ ಬಿಳಿ ಐದರ ಮೇಲೆ ಬೆರಳಿಟ್ಟು ತಿದಿ ಒತ್ತಿದರು.

ಅತ್ತೆ ಎಲ್ಲರಿಗೂ ಕೇಳುವ ಹಾಗೆ "ನಾಲ್ಕು" ಅಂದರು.